ಹಾದಿ ಬದಲಿಸಿ ವೈದ್ಯಕೀಯಕ್ಕೆ ಬರುವವರಿಗೆ: ಮೊದಲು ಲೆಕ್ಕ, ಆಮೇಲೆ ಕಥೆ

ಹತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು, ಸೈನ್ಯದಲ್ಲಿ ಮೆಡಿಕ್ ಆಗಿದ್ದವರು, ಪಿಟೀಲು ಕಛೇರಿಗಳಲ್ಲೇ ಬದುಕು ಕಟ್ಟಿಕೊಂಡವರು, ಮಕ್ಕಳು ಒಂದು ಹಂತಕ್ಕೆ ಬಂದ ಮೇಲೆ ಮತ್ತೆ ಪುಸ್ತಕ ಹಿಡಿದವರು. ಅಮೆರಿಕದ ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕುವವರಲ್ಲಿ ಇಂಥವರು ಪ್ರತಿ ವರ್ಷವೂ ಇರುತ್ತಾರೆ. ಅಲ್ಲಿ ವೈದ್ಯಕೀಯ ಓದು ಸಾಮಾನ್ಯವಾಗಿ ಒಂದು ಪದವಿ ಮುಗಿದ ಮೇಲೆ ಶುರುವಾಗುತ್ತದೆ, ಆ ಪದವಿ ಯಾವ ವಿಷಯದ್ದಾದರೂ ನಡೆಯುತ್ತದೆ. ಬಾಗಿಲೇನೋ ತೆರೆದಿದೆ. ಆದರೆ ಇವರಿಗೆ ದಾರಿ ತೋರಿಸಲು ಕೂತವರು ಮೊದಲ ದಿನವೇ ಒಂದು ತಪ್ಪು ಮಾಡುತ್ತಾರೆ. “ನಿಮ್ಮ ಬದುಕೇ ವಿಶೇಷ, ಅದನ್ನೇ ಬರೆಯಿರಿ” ಎಂದು ಹುರಿದುಂಬಿಸಿ ಕಳಿಸಿಬಿಡುತ್ತಾರೆ. ಮೊದಲ ಭೇಟಿಯಲ್ಲಿ ಮೇಜಿನ ಮೇಲೆ ಇರಬೇಕಾದದ್ದು ಅಂಕಪಟ್ಟಿ, ಕ್ಯಾಲ್ಕ್ಯುಲೇಟರು ಮತ್ತು ನಾಲ್ಕು ವರ್ಷದ ಕ್ಯಾಲೆಂಡರು.

ಅಲ್ಲಿ ವೈದ್ಯರಾಗಲು ಓದುವ ಮೊದಲ ಪದವಿಯೇ ಎಂ.ಡಿ. ಈ ಎಂ.ಡಿ. ಕಾಲೇಜುಗಳ ಅರ್ಜಿಗಳು ಬಹುತೇಕ ಆಮ್‌ಕ್ಯಾಸ್ ಎಂಬ ಕೇಂದ್ರ ವ್ಯವಸ್ಥೆಯ ಮೂಲಕ ಹೋಗುತ್ತವೆ. ಅದು ಪದವಿ ಹಂತದಲ್ಲಿ ಓದಿದ ಪ್ರತಿ ಕೋರ್ಸನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹದಿನೈದು ವರ್ಷದ ಹಿಂದೆ ಫೇಲಾದ ಕೋರ್ಸನ್ನು ಮತ್ತೆ ಓದಿ ಎ ಗ್ರೇಡ್ ಪಡೆದರೂ ಎರಡೂ ಸೇರುತ್ತವೆ. ವೈದ್ಯರಾಗುವ ಇನ್ನೊಂದು ಪದವಿಯಾದ ಡಿ.ಓ. (ಆಸ್ಟಿಯೋಪಥಿಕ್) ಕಾಲೇಜುಗಳ ವ್ಯವಸ್ಥೆಯಲ್ಲಿ ಹಿಂದೆ ಹೊಸ ಗ್ರೇಡು ಹಳೆಯದನ್ನು ಅಳಿಸುತ್ತಿತ್ತು. 2017ರಲ್ಲಿ ಆ ಸೌಲಭ್ಯ ನಿಂತಿತು. ಇವತ್ತಿಗೂ ಆ ಹಳೆಯ ಸಲಹೆ ಬಾಯಿಂದ ಬಾಯಿಗೆ ಓಡಾಡುತ್ತಿದೆ, ಅದನ್ನು ನಂಬಿ ಎರಡು ಸೆಮಿಸ್ಟರ್ ಕಳೆದುಕೊಂಡವರೂ ಇದ್ದಾರೆ.

ಲೆಕ್ಕ ಹೀಗೆ ಮಾಡಬೇಕು. ಒಬ್ಬರು 120 ಕ್ರೆಡಿಟ್ (ಕೋರ್ಸುಗಳ ತೂಕದ ಅಳತೆ) ಓದಿ 2.8 ಜಿಪಿಎಯಲ್ಲಿ (4.0ಕ್ಕೆ ಲೆಕ್ಕ ಹಾಕಿದ ಗ್ರೇಡುಗಳ ಸರಾಸರಿ) ಪದವಿ ಮುಗಿಸಿದ್ದಾರೆ ಎನ್ನೋಣ. ಎರಡನ್ನೂ ಗುಣಿಸಿದರೆ 336 ಪಾಯಿಂಟು. ಈಗ ಮೆಡಿಕಲ್ ಕಾಲೇಜುಗಳು ಕೇಳುವ ವಿಜ್ಞಾನದ 32 ಕ್ರೆಡಿಟ್‌ಗಳನ್ನು 3.8ರಲ್ಲಿ ಮುಗಿಸಿದರೆ 121.6 ಸೇರುತ್ತದೆ, ಒಟ್ಟು 457.6 ಅನ್ನು 152ರಿಂದ ಭಾಗಿಸಿದರೆ 3.01. ಎರಡು ವರ್ಷ ಹಗಲು ರಾತ್ರಿ ದುಡಿದು ಒಟ್ಟು ಜಿಪಿಎ ಏರಿದ್ದು 0.21 ಮಾತ್ರ. ಒಟ್ಟು ಜಿಪಿಎಯನ್ನು 3.5ಕ್ಕೆ ತರಲೇಬೇಕೆಂದು ಹೊರಟರೆ, ಒಂದು ಗ್ರೇಡೂ ತಪ್ಪದೆ 4.0 ಬಂದರೂ ಇನ್ನೂ 168 ಕ್ರೆಡಿಟ್ ಬೇಕು. ಅದು ಮತ್ತೊಂದು ಪದವಿಗಿಂತ ದೊಡ್ಡದು. ಈ ಅಂಕಿ ಕಂಡು ಎಷ್ಟೋ ಜನ ಕೈಚೆಲ್ಲುತ್ತಾರೆ. ಅದೇ ಹೊತ್ತಿನಲ್ಲಿ ಮಾರ್ಗದರ್ಶಕರು ಪಕ್ಕದ ಕಾಲಂ ತೋರಿಸಬೇಕು.

ಆಮ್‌ಕ್ಯಾಸ್ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಗಣಿತವನ್ನು ಒಟ್ಟುಗೂಡಿಸಿ ಬೇರೆ ಜಿಪಿಎ ಕೊಡುತ್ತದೆ. ನಮ್ಮ ಅಭ್ಯರ್ಥಿ ಮೊದಲು ವಿಜ್ಞಾನ ಓದಿದ್ದು ಬರೀ 12 ಕ್ರೆಡಿಟ್, ಅದೂ 2.3ರಲ್ಲಿ ಎನ್ನಿ. ಹೊಸ 32 ಕ್ರೆಡಿಟ್ ಸೇರಿದಾಗ ವಿಜ್ಞಾನದ ಜಿಪಿಎ 3.39ಕ್ಕೆ ಬರುತ್ತದೆ. ಇನ್ನೂ ಒಳ್ಳೆಯ ಸಂಗತಿ ಅದರ ಕೆಳಗಿದೆ: ಪದವಿಯ ನಂತರ ಓದಿದ ಪದವಿ ಮಟ್ಟದ ಕೋರ್ಸುಗಳಿಗೆ ಪ್ರತ್ಯೇಕ ಸಾಲು ಇದ್ದು, ಅಲ್ಲಿ 3.8 ಎಂದೇ ಕಾಣುತ್ತದೆ. ಅರ್ಜಿ ಓದುವವರ ಕಣ್ಣು ಹೋಗುವುದು ಆ ಏರಿಕೆಯ ಕಡೆಗೆ. ಆದ್ದರಿಂದ ಹಳೆಯ ಗಾಯವನ್ನು ಕೆರೆಯುವುದಕ್ಕಿಂತ ಈ ಒಂದು ಸಾಲನ್ನು ಕಲೆಯಿಲ್ಲದಂತೆ ಕಾಪಾಡಿಕೊಳ್ಳಿ ಎನ್ನುವುದು ಸರಿಯಾದ ಸಲಹೆ. ಸ್ನಾತಕೋತ್ತರ ಕೋರ್ಸುಗಳು ಬೇರೆ ಸಾಲಿಗೆ ಹೋಗುತ್ತವೆ, ಪದವಿಯ ಜಿಪಿಎಯನ್ನು ಅವು ಒಂದಿಷ್ಟೂ ಮೇಲೆತ್ತುವುದಿಲ್ಲ. ಟೆಕ್ಸಾಸ್ ನಿವಾಸಿಗಳಿಗೆ ಮಾತ್ರ ಬೇರೆ ದಾರಿಯೊಂದಿದೆ. ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್ ನಿಯಮದಡಿ ಹತ್ತು ಅಥವಾ ಹೆಚ್ಚು ವರ್ಷ ಹಳೆಯ ಕೋರ್ಸುಗಳನ್ನು ಆ ರಾಜ್ಯದ ಸರ್ಕಾರಿ ಕಾಲೇಜುಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಒಳ್ಳೆಯ ಗ್ರೇಡುಗಳೂ ಜೊತೆಗೇ ಹೋಗುತ್ತವೆ, ಆರಿಸಿ ಉಳಿಸಿಕೊಳ್ಳುವಂತಿಲ್ಲ. ಅಮೆರಿಕದ ಹೊರಗೆ ಪದವಿ ಪಡೆದವರ ಸ್ಥಿತಿ ಇನ್ನೂ ಭಿನ್ನ. ವಿದೇಶಿ ಅಂಕಗಳನ್ನು ಆಮ್‌ಕ್ಯಾಸ್ ಪರಿಶೀಲಿಸುವುದೂ ಇಲ್ಲ, ಜಿಪಿಎಗೆ ಸೇರಿಸುವುದೂ ಇಲ್ಲ. ಹಾಗಾಗಿ ಅಮೆರಿಕದಲ್ಲಿ ಎಷ್ಟು ಕ್ರೆಡಿಟ್ ಓದಿರಬೇಕು ಎಂದು ಒಂದೊಂದು ಕಾಲೇಜನ್ನೂ ಮೊದಲೇ ಕೇಳಿಕೊಳ್ಳಬೇಕು.

ಇನ್ನು ಕ್ಯಾಲೆಂಡರು. ಜನರಲ್ ಕೆಮಿಸ್ಟ್ರಿ ಮುಗಿಯದೆ ಆರ್ಗ್ಯಾನಿಕ್ ಇಲ್ಲ, ಆರ್ಗ್ಯಾನಿಕ್ ಮುಗಿಯದೆ ಸಾಮಾನ್ಯವಾಗಿ ಬಯೋಕೆಮಿಸ್ಟ್ರಿ ಇಲ್ಲ. ಈ ಸರಪಳಿಯೇ ಐದು ಸೆಮಿಸ್ಟರ್ ತಿನ್ನುತ್ತದೆ. ಕೆಲಸ ಮಾಡುತ್ತಾ ಒಂದು ಸೆಮಿಸ್ಟರಿಗೆ ಲ್ಯಾಬ್ ಇರುವ ಎರಡು ಕೋರ್ಸು ಎಂದಿಟ್ಟುಕೊಂಡರೆ, ಮೊದಲ ವರ್ಷ ಜನರಲ್ ಕೆಮಿಸ್ಟ್ರಿ ಮತ್ತು ಜೀವಶಾಸ್ತ್ರ, ಎರಡನೇ ವರ್ಷ ಆರ್ಗ್ಯಾನಿಕ್ ಮತ್ತು ಭೌತಶಾಸ್ತ್ರ, ಮೂರನೇ ವರ್ಷದ ಮೊದಲ ಸೆಮಿಸ್ಟರಿನಲ್ಲಿ ಬಯೋಕೆಮಿಸ್ಟ್ರಿ, ಅದೇ ವಸಂತದಲ್ಲಿ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಜೂನ್ ಮೊದಲ ವಾರಗಳಲ್ಲಿ ಅರ್ಜಿ. ಪ್ರವೇಶ ಸಿಕ್ಕರೂ ತರಗತಿ ಶುರುವಾಗುವುದು ಮುಂದಿನ ವರ್ಷದ ಬೇಸಿಗೆಯ ಕೊನೆಗೆ. ಒಟ್ಟು ನಾಲ್ಕು ವರ್ಷ. ಈ ಅಂಕಿಯನ್ನು ಮೊದಲ ದಿನವೇ ಮನೆಯವರ ಮುಂದೆ ಇಡುವುದು ಒಳ್ಳೆಯದು. ಬ್ರಿನ್ ಮಾರ್, ಗೌಚರ್‌ನಂಥ ಕಾಲೇಜುಗಳಲ್ಲಿ ಪದವಿ ಮುಗಿಸಿದವರಿಗೆ ಈ ವಿಜ್ಞಾನ ಕೋರ್ಸುಗಳನ್ನು ಕಲಿಸುವ ಪೋಸ್ಟ್‌ಬ್ಯಾಕ್ ಕಾರ್ಯಕ್ರಮಗಳು ಪೂರ್ಣಾವಧಿ ಓದಿಸಿ ಇದೆಲ್ಲವನ್ನೂ ಸುಮಾರು ಒಂದು ವರ್ಷದಲ್ಲಿ ಮುಗಿಸುತ್ತವೆ, ಕೆಲವು ಮೆಡಿಕಲ್ ಕಾಲೇಜುಗಳ ಜೊತೆ ಒಪ್ಪಂದ ಇರುವುದರಿಂದ ಕಾಯುವ ವರ್ಷವನ್ನೂ ಉಳಿಸಬಲ್ಲವು. ಆದರೆ ದುಬಾರಿ, ಕೆಲಸ ಬಿಡಬೇಕು. ವಿಜ್ಞಾನವನ್ನೇ ಓದದವರಿಗೆ ಅವು ಹೊಂದುತ್ತವೆ. ಓದಿ ಕಡಿಮೆ ಅಂಕ ಪಡೆದವರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಕೆಲಸದಲ್ಲಿರುವವರು ಎಡವುವುದು ಬಹುತೇಕ ಮೊದಲ ಸೆಮಿಸ್ಟರಿನಲ್ಲೇ. ಹುಮ್ಮಸ್ಸಿನಲ್ಲಿ ಮೂರು ಕೋರ್ಸಿಗೆ ಸೇರಿ, ಆರನೇ ವಾರಕ್ಕೆ ಒಂದನ್ನು ಕೈಬಿಟ್ಟು, ಉಳಿದ ಎರಡರಲ್ಲಿ ಬಿ ಪಡೆಯುತ್ತಾರೆ. ಆ ಪ್ರತ್ಯೇಕ ಸಾಲು ಶುರುವಿನಲ್ಲೇ ಹಾಳಾಯಿತು. ಮೊದಲ ಸೆಮಿಸ್ಟರಿಗೆ ಒಂದೇ ಕೋರ್ಸು, ಅದರಲ್ಲಿ ಎ ಬಂದ ಮೇಲೆ ಎರಡು; ಮೇಲಿನ ಕ್ಯಾಲೆಂಡರಿನಲ್ಲಿ ಹೀಗೆ ಬಾಕಿ ಉಳಿದ ಜೀವಶಾಸ್ತ್ರವನ್ನು ಮೂರನೇ ವರ್ಷ ಬಯೋಕೆಮಿಸ್ಟ್ರಿಯ ಜೊತೆ ಮುಗಿಸಬಹುದು. ನಿಧಾನ ಎಂದು ಮುಖ ಸಣ್ಣ ಮಾಡಿದರೂ ಇದನ್ನು ಸಡಿಲಿಸಬಾರದು.

ಎಂಕ್ಯಾಟ್‌ನಲ್ಲಿ ನಾಲ್ಕು ಭಾಗ, 230 ಪ್ರಶ್ನೆ, ವಿರಾಮ ಸೇರಿ ಏಳೂವರೆ ಗಂಟೆ. ಅಂಕ 472ರಿಂದ 528. 2023ರಲ್ಲಿ ಎಂ.ಡಿ. ಕಾಲೇಜು ಸೇರಿದವರ ಸರಾಸರಿ 511.7. ತಯಾರಿಗೆ 300 ಗಂಟೆ ಎನ್ನುವುದು ವಾಡಿಕೆಯ ಅಂದಾಜು. ವಾರಕ್ಕೆ 12 ಗಂಟೆ ಮಾತ್ರ ಸಿಗುವವರಿಗೆ ಅದು 25 ವಾರ. ಕಾಲೇಜು ಹುಡುಗರ ಮೂರು ತಿಂಗಳ ವೇಳಾಪಟ್ಟಿಯನ್ನು ಇವರಿಗೆ ಕೊಡುವುದು ಅನ್ಯಾಯ. ವರ್ಷಕ್ಕೆ ಮೂರು, ಸತತ ಎರಡು ವರ್ಷದಲ್ಲಿ ನಾಲ್ಕು, ಜೀವನದಲ್ಲಿ ಏಳು ಸಲ ಬರೆಯಬಹುದು. ಪರೀಕ್ಷೆಗೆ ಹೋಗದೆ ಉಳಿದರೂ ಅಂಕ ಬೇಡವೆಂದು ರದ್ದು ಮಾಡಿದರೂ ಒಂದು ಅವಕಾಶ ಹೋದಂತೆಯೇ. “ಒಮ್ಮೆ ಬರೆದು ನೋಡೋಣ” ಎನ್ನುವವರನ್ನು ತಡೆಯಿರಿ. ಆ ಅಂಕ ಅರ್ಜಿಯಲ್ಲಿ ಉಳಿಯುತ್ತದೆ. ಪೂರ್ಣಾವಧಿಯ ಕೊನೆಯ ಮೂರು ಮಾದರಿ ಪರೀಕ್ಷೆಗಳ ಸರಾಸರಿ ಗುರಿ ಮುಟ್ಟಿದ ಮೇಲೆ ನಿಜವಾದದ್ದು. ಸಾಹಿತ್ಯ, ಇತಿಹಾಸ ಓದಿದವರಿಗೆ ಗದ್ಯ ಓದಿ ತರ್ಕಿಸುವ ಭಾಗ ಸಲೀಸು. ಎಂಜಿನಿಯರುಗಳು ಭೌತಶಾಸ್ತ್ರದಲ್ಲಿ ಗೆದ್ದು, ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರದ ಪದಗಳನ್ನು ಕಲಿಯದೆ ಸೋಲುತ್ತಾರೆ.

ಕಲಾ ವಿದ್ಯಾರ್ಥಿಗಳಿಗೆ ವೈದ್ಯಕೀಯ ದಕ್ಕೀತೇ ಎಂಬ ಶಂಕೆ ಅಭ್ಯರ್ಥಿಗಳಲ್ಲೇ ಇರುತ್ತದೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಕಾಲೇಜು 1987ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿ, ಮಾನವಿಕ ವಿಷಯಗಳ ವಿದ್ಯಾರ್ಥಿಗಳನ್ನು ಪದವಿಯ ನಡುವೆಯೇ ಎಂಕ್ಯಾಟ್ ಇಲ್ಲದೆ ಆಯ್ಕೆ ಮಾಡಿಕೊಂಡಿತು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವರು ಉಳಿದ ಸಹಪಾಠಿಗಳಿಗೆ ಸಮಾನವಾಗಿಯೇ ಓದಿ ಮುಗಿಸಿದ್ದರು. ಶಂಕೆಗೆ ಇದು ಸಾಕು.

ಶಿಫಾರಸು ಪತ್ರವೇ ಇವರಿಗೆ ಗಂಟಲಲ್ಲಿ ಸಿಕ್ಕ ಮುಳ್ಳು. ಅನೇಕ ಕಾಲೇಜುಗಳು ಇಬ್ಬರು ವಿಜ್ಞಾನ ಪ್ರಾಧ್ಯಾಪಕರಿಂದ ಪತ್ರ ಕೇಳುತ್ತವೆ. ಹನ್ನೆರಡು ವರ್ಷದ ಹಿಂದಿನ ಪ್ರಾಧ್ಯಾಪಕರಿಗೆ ನೆನಪಿರುವುದಿಲ್ಲ, ಮೇಲಧಿಕಾರಿಯ ಪತ್ರ ಎಷ್ಟೇ ಚೆನ್ನಾಗಿದ್ದರೂ ಆ ಜಾಗ ತುಂಬುವುದಿಲ್ಲ. ಸಂಜೆ ತರಗತಿಗೆ ಓಡಿ ಬಂದು ಓಡಿ ಹೋಗುವವರನ್ನು ಪ್ರಾಧ್ಯಾಪಕರು ಗುರುತು ಹಿಡಿಯುವುದೂ ಕಷ್ಟ. ಮೂರನೇ ವಾರದಿಂದಲೇ ಅವರ ಭೇಟಿಯ ಸಮಯಕ್ಕೆ ಹೋಗಬೇಕು, ಲ್ಯಾಬ್ ವರದಿಯದೋ ಪ್ರತಿಕ್ರಿಯೆಯ ಹಂತದ್ದೋ ಒಂದು ನಿಜವಾದ ಪ್ರಶ್ನೆ ಹಿಡಿದು. ಪತ್ರವನ್ನು ಕೋರ್ಸು ಮುಗಿದ ತಿಂಗಳಲ್ಲೇ ಕೇಳಿ, ಪತ್ರ ಕಾಯ್ದಿಡುವ ಸೇವೆಯೊಂದರಲ್ಲಿ ಇಟ್ಟುಬಿಡಬೇಕು.

ಈಗ ಕಥೆ. ಅರ್ಜಿಯಲ್ಲಿ ತಮ್ಮ ಬಗ್ಗೆ ಬರೆಯುವ ಪ್ರಬಂಧಕ್ಕೆ ಜಾಗ 5,300 ಅಕ್ಷರ, ಖಾಲಿ ಜಾಗವೂ ಸೇರಿ. ಶಿಕ್ಷಕಿಯೊಬ್ಬರ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: “ಹತ್ತು ವರ್ಷದ ಬೋಧನೆ ನನಗೆ ತಾಳ್ಮೆ, ಸಹಾನುಭೂತಿ ಮತ್ತು ಸಂವಹನ ಕಲೆಯನ್ನು ಕಲಿಸಿತು. ಇವು ವೈದ್ಯರಿಗೂ ಬೇಕಾದ ಗುಣಗಳು.” ಇದನ್ನು ಯಾವ ಶಿಕ್ಷಕರಾದರೂ ಬರೆಯಬಹುದು. ಆಗ ಕೇಳಬೇಕಾದ ಪ್ರಶ್ನೆ: ಯಾವ ಮಗು, ಯಾವ ದಿನ, ನಿಮ್ಮ ಕೈಯಲ್ಲಿ ಏನಿತ್ತು? ಉತ್ತರದಿಂದ ಬೇರೆಯೇ ಪ್ಯಾರಾ ಹುಟ್ಟುತ್ತದೆ: “ಶಾಲೆಯ ನರ್ಸ್ ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ಮೂರು ದಿನ ಒಬ್ಬ ಹುಡುಗನ ಊಟದ ಡಬ್ಬಿ ತೆರೆದು ಕಾರ್ಬೋಹೈಡ್ರೇಟ್ ಎಣಿಸಿ ಅವನ ತಾಯಿಗೆ ಫೋನಿನಲ್ಲಿ ಓದಿ ಹೇಳುವುದು ನನ್ನ ಪಾಲಿಗಿತ್ತು. ಅಂಕಿ ಹೇಳುತ್ತಿದ್ದೆ, ಅದೇ ಊಟಕ್ಕೆ ಸೋಮವಾರ ಒಂದು ಸಕ್ಕರೆ ಮಟ್ಟ, ಗುರುವಾರ ಇನ್ನೊಂದು ಏಕೆ ಎಂದು ನನಗೆ ಗೊತ್ತಿರಲಿಲ್ಲ.” ತಾಳ್ಮೆ ಎಂಬ ಪದವೇ ಇಲ್ಲದೆ ತಾಳ್ಮೆ ಕಾಣುತ್ತದೆ. ಕೊನೆಯ ವಾಕ್ಯ ಶಾಲೆಯಿಂದ ವೈದ್ಯಕೀಯದತ್ತ ತಾನಾಗಿ ತಿರುಗುತ್ತದೆ. ಮಾರ್ಗದರ್ಶಕರ ಪೆನ್ನು ಪ್ರಶ್ನೆ ಬರೆಯುವುದಕ್ಕಷ್ಟೇ ಇರಲಿ, ವಾಕ್ಯ ಅಭ್ಯರ್ಥಿಯದ್ದೇ ಆಗಬೇಕು.

ಈ ತಿರುವಿಗೆ ಬೆನ್ನಿಗೆ ನಿಲ್ಲುವ ಅನುಭವವೂ ಬೇಕು. ಸ್ಕ್ರೈಬ್ ಕೆಲಸ (ವೈದ್ಯರ ಪಕ್ಕದಲ್ಲಿದ್ದು ರೋಗಿಯ ವಿವರ ಬರೆದುಕೊಳ್ಳುವುದು), ಇಎಂಟಿ (ಆಂಬುಲೆನ್ಸಿನ ತುರ್ತು ಚಿಕಿತ್ಸಾ ಸಿಬ್ಬಂದಿ), ಹಾಸ್ಪೈಸ್ ಸೇವೆ (ಸಾವಿನಂಚಿನ ರೋಗಿಗಳ ಆರೈಕೆ), ಯಾವುದಾದರೂ ಸರಿ, ವಾರಕ್ಕೆ ನಾಲ್ಕು ಗಂಟೆಯಂತೆ ಒಂದೂವರೆ ವರ್ಷ. ಅರ್ಜಿಗೆ ಮುಂಚಿನ ಬೇಸಿಗೆಯಲ್ಲಿ 150 ಗಂಟೆ ತುರುಕಿದ್ದು ದಿನಾಂಕ ನೋಡಿದರೇ ತಿಳಿಯುತ್ತದೆ. ಅರ್ಜಿಯಲ್ಲಿ ಕೆಲಸ ಮತ್ತು ಚಟುವಟಿಕೆಗಳಿಗೆ 15 ಜಾಗ ಇದೆ, ಒಂದೊಂದಕ್ಕೆ 700 ಅಕ್ಷರ. ಹಳೆಯ ವೃತ್ತಿಯನ್ನು ಒಂದೇ ಸಾಲಿಗೆ ಇಳಿಸಬೇಡಿ. ಸೈನ್ಯದಿಂದ ಬಂದವರು ಸಂಕ್ಷಿಪ್ತ ಪದಗಳನ್ನೆಲ್ಲ ಬಿಡಿಸಿ ಬರೆಯಲಿ.

ಜುಲೈ ಹೊತ್ತಿಗೆ ಪ್ರತಿ ಕಾಲೇಜಿನ ಎರಡನೇ ಹಂತದ ಪ್ರಶ್ನೆಗಳು ಒಟ್ಟೊಟ್ಟಿಗೆ ಬಂದು ಬೀಳುತ್ತವೆ. ಎರಡು ವಾರದೊಳಗೆ ಮರಳಿಸಬೇಕು ಎಂದು ಇಟ್ಟುಕೊಂಡರೆ, ಸಂಸಾರಸ್ಥರಿಗೆ ಅದು ರಜೆ ಹಾಕಲೇಬೇಕಾದ ತಿಂಗಳು. ಖರ್ಚೂ ಆಗಲೇ ಏರುತ್ತದೆ. ಕಡಿಮೆ ಆದಾಯದವರಿಗೆ ಎಎಎಂಸಿ (ಆಮ್‌ಕ್ಯಾಸ್ ಮತ್ತು ಎಂಕ್ಯಾಟ್ ನಡೆಸುವ ಮೆಡಿಕಲ್ ಕಾಲೇಜುಗಳ ಸಂಘ) ಶುಲ್ಕ ವಿನಾಯಿತಿ ಕೊಡುತ್ತದೆ, ಆದರೆ ಶುಲ್ಕ ಕಟ್ಟಿದ ಮೇಲೆ ವಿನಾಯಿತಿಗೆ ಅರ್ಜಿ ಹಾಕಿದರೆ ಹಣ ವಾಪಸ್ ಬರುವುದಿಲ್ಲ. ಎಂಕ್ಯಾಟ್ ನೋಂದಣಿಗೆ ಮೊದಲೇ ಅದನ್ನು ಮುಗಿಸಿರಬೇಕು.

ಸಂದರ್ಶನದಲ್ಲಿ ನರ್ಸ್‌ಗೆ “ನರ್ಸ್ ಪ್ರಾಕ್ಟಿಷನರ್ (ಹೆಚ್ಚಿನ ತರಬೇತಿ ಪಡೆದು ತಾವೇ ಚಿಕಿತ್ಸೆ ಕೊಡುವ ನರ್ಸ್) ಆಗಬಹುದಿತ್ತಲ್ಲ?” ಎಂಬ ಪ್ರಶ್ನೆ, ಎಂಜಿನಿಯರ್‌ಗೆ “ಈ ಕೆಲಸವೂ ಬೇಸರವಾದರೆ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಳೆಯ ವೃತ್ತಿಯನ್ನು ಬೈದು ಉತ್ತರಿಸಿದರೆ ಓಡಿ ಬಂದವರಂತೆ ಕಾಣುತ್ತದೆ. ಅಣಕು ಸಂದರ್ಶನದಲ್ಲಿ ಉತ್ತರ ರೆಕಾರ್ಡ್ ಮಾಡಿ ಕೇಳಿಸಿ, ಹಳೆಯ ಕೆಲಸದ ಬಗ್ಗೆ ಎಷ್ಟು ಸೆಕೆಂಡು, ರೋಗಿಯ ಬಗ್ಗೆ ಎಷ್ಟು ಸೆಕೆಂಡು ಎಂದು ಅವರೇ ಎಣಿಸಲಿ. ಮೊದಲ ಸಲ ತೊಂಬತ್ತು ಸೆಕೆಂಡಿನಲ್ಲಿ ಎಪ್ಪತ್ತು ಹಳೆಯದಕ್ಕೇ ಹೋಗಿರುತ್ತದೆ. ಅದು ಮೂವತ್ತಕ್ಕೆ ಇಳಿಯುವ ತನಕ ಮತ್ತೆ ಮತ್ತೆ ಕೂರಿಸಿ.