ಹಂಸಲೇಖ: ಪದ ಬರೆದವರೇ ರಾಗ ಕಟ್ಟಿದರೆ ಏನಾಗುತ್ತದೆ? (ಅಧ್ಯಯನ ಟಿಪ್ಪಣಿ)

ಕನ್ನಡ ಚಿತ್ರರಂಗದ ಹಂಸಲೇಖ ಅವರ ಮೇಲೆ ಟಿಪ್ಪಣಿ ಬರೆಯಿರಿ ಎಂದರೆ ಸಾಮಾನ್ಯವಾಗಿ ‘ಪ್ರೇಮಲೋಕ’ದಿಂದ ಶುರುಮಾಡಿ ‘ನಾದಬ್ರಹ್ಮ’ ಅನ್ನೋ ಬಿರುದಿಗೆ ಬಂದು ನಿಲ್ಲಿಸುತ್ತೇವೆ. ಅಷ್ಟರಲ್ಲಿ ಸಿಗೋದು ಅರ್ಧ ಅಂಕ. ಅವರು ಗೀತರಚನೆಕಾರರೂ ಹೌದು, ಸಂಗೀತ ನಿರ್ದೇಶಕರೂ ಹೌದು. ಈ ಎರಡು ಕೆಲಸ ಯಾವಾಗ ಬೇರೆ ಬೇರೆ ಇದ್ದವು, ಯಾವಾಗ ಒಂದಾದವು, ಒಂದಾದದ್ದರಿಂದ ಹಾಡಿನ ಒಳಗೆ ಏನು ಬದಲಾಯಿತು ಅನ್ನೋದೇ ಪ್ರಶ್ನೆಯ ತಿರುಳು.

ಮೊದಲು ಜೀವನದ ವಿವರ, ಚಿಕ್ಕದಾಗಿ. ಹುಟ್ಟಿದ್ದು 1951ರ ಜೂನ್ 23. ಮನೆಯವರು ಇಟ್ಟ ಹೆಸರು ಗಂಗರಾಜು. ಗುರು ಲಾವಣಿ ನೀಲಕಂಠಪ್ಪ. ಗುರುಗಳು ಕೊಟ್ಟ ‘ಸ್ವಾನ್’ ಪೆನ್ನಿನಿಂದ ‘ಹಂಸಲೇಖನಿ’, ಅದರಿಂದ ‘ಹಂಸಲೇಖ’ ಬಂತು. ಗುರುವಿನ ಹೆಸರಿನ ಹಿಂದಿರೋ ‘ಲಾವಣಿ’ಯನ್ನು ಹಾರಿಸಿ ಓದಬೇಡಿ. ಲಾವಣಿಯಲ್ಲಿ ಮಾತು, ಲಯ ಒಟ್ಟಿಗೇ ಹುಟ್ಟುತ್ತವೆ. ಮುಂದೆ ಸಿನಿಮಾದಲ್ಲಿ ಅವರು ಮಾಡಿದ್ದಕ್ಕೆ ಬೇರು ಅಲ್ಲಿದೆ.

ಇನ್ನು ವೃತ್ತಿ. ನೋಟ್ಸ್ ಪುಸ್ತಕದಲ್ಲಿ ನಾಲ್ಕು ಕಾಲಮ್ಮು ಎಳೆಯಿರಿ: ವರ್ಷ, ಚಿತ್ರ, ಸಾಹಿತ್ಯ, ಸಂಗೀತ. ಕೊನೆಯ ಎರಡನ್ನು ಒಂದೇ ಮಾಡಿದರೆ ತಪ್ಪು ನುಸುಳೋದು ಅಲ್ಲೇ. 1973ರ ‘ತ್ರಿವೇಣಿ’ಯಲ್ಲಿ ಅವರು ಹಾಡು ಬರೆದವರು ಮಾತ್ರ. 1985ರ ‘ನಾನು ನನ್ನ ಹೆಂಡ್ತಿ’ಯಲ್ಲೂ ಸಾಹಿತ್ಯ ಇವರದು, ಸಂಗೀತ ಶಂಕರ್–ಗಣೇಶ್ ಅವರದು. 1987ರ ‘ಪ್ರೇಮಲೋಕ’ಕ್ಕೆ ಬಂದಾಗ ಎರಡೂ ಕಾಲಮ್ಮಿನಲ್ಲಿ ಒಂದೇ ಹೆಸರು. ಅಂದರೆ ಮೊದಲ ಹಾಡಿನಿಂದ ಅಲ್ಲಿಗೆ 14 ವರ್ಷ. ‘ಪ್ರೇಮಲೋಕದಿಂದ ಚಿತ್ರರಂಗಕ್ಕೆ ಬಂದರು’ ಎಂದು ಬರೆದರೆ ಈ 14 ವರ್ಷ ಅಳಿಸಿಹೋಗುತ್ತವೆ.

ನಮ್ಮ ಕಲಬುರಗಿ ಕಡೆಯ ವಿದ್ಯಾರ್ಥಿಗಳಿಗೆ ಈ ಕಾಲಮ್ಮಿನ ಮಾತು ಯಾಕೆ ಒತ್ತಿ ಹೇಳಬೇಕೆಂದರೆ, ನಮಗೆ ತತ್ವಪದದ ರೂಢಿ ಇದೆ. ಕಡಕೋಳ ಮಡಿವಾಳಪ್ಪನವರದೋ ಚೆನ್ನೂರ ಜಲಾಲಸಾಹೇಬರದೋ ಪದ ಕೇಳಿದರೆ ಕಡೇ ನುಡಿಯ ಅಂಕಿತ (ಬರೆದವರ ಗುರುತಿನ ಹೆಸರು) ಹಿಡಿದು ಬರೆದವರನ್ನು ಗುರುತಿಸುತ್ತೇವೆ. ಧಾಟಿ ಮಾತ್ರ ಮೇಳದಿಂದ ಮೇಳಕ್ಕೆ ಬೇರೆ. ಜೇವರ್ಗಿ ಕಡೆ ಒಂದು, ಸುರಪುರ ಕಡೆ ಇನ್ನೊಂದು ಇದ್ದರೂ ಯಾರೂ ತಕರಾರು ಮಾಡೋದಿಲ್ಲ. ಸಿನಿಮಾ ಹಾಡಿಗೆ ಅಂಕಿತ ಇಲ್ಲ, ಧಾಟಿಯೂ ರೆಕಾರ್ಡಿಂಗಿನಲ್ಲಿ ಒಮ್ಮೆ ಕೂತರೆ ಕೂತಿತು. ಹಾಗಾಗಿ ಚಿತ್ರದ ಶೀರ್ಷಿಕೆ ಪಟ್ಟಿಯನ್ನೇ ನೋಡಬೇಕು. ಧ್ವನಿ ಕೇಳಿ ಊಹಿಸಬಾರದು. 1996ರ ‘ಜನುಮದ ಜೋಡಿ’ಯ ಸಂಗೀತವನ್ನು ಹಳ್ಳಿಸೊಗಡು ಇದೆ ಅನ್ನೋ ಒಂದೇ ಕಾರಣಕ್ಕೆ ಹಂಸಲೇಖರ ಖಾತೆಗೆ ಬರೆಯುವವರಿದ್ದಾರೆ. ಅದು ವಿ. ಮನೋಹರ್ ಅವರದು. ಅವರೂ ಬರೆದು ಸ್ವರ ಹಾಕುವವರೇ, ಅದಕ್ಕೇ ಗೊಂದಲ.

ಈಗ ಮುಖ್ಯ ಭಾಗ. ಬರೆಯುವವರೂ ಸ್ವರ ಹಾಕುವವರೂ ಒಬ್ಬರೇ ಆದರೆ ಅನುಕೂಲ ಏನು? ಬಾಯಿಮಾತಿನಲ್ಲಿ ಹೇಳಿದರೆ ತಿಳಿಯೋದಿಲ್ಲ, ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಎಣಿಸಿ ನೋಡಬೇಕು. ನಿಯಮ ಗೊತ್ತಿದ್ದದ್ದೇ: ಹ್ರಸ್ವಕ್ಕೆ 1, ದೀರ್ಘಕ್ಕೆ 2, ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ ಇರೋದು, ವ್ಯಂಜನ ಕೂಡಿ ನಿಲ್ಲೋದು ಗುರು, ಅಂದರೆ 2. ಅಭ್ಯಾಸಕ್ಕೆ ಹೊಸದಾಗಿ ಕಟ್ಟಿದ ಸಾಲು ಇದು:

ಬಿಸಿಲಿನ | ಊರಿಗಿ | ಮಳಿ ಬಂ | ತಂತ

ನಾಲ್ಕು, ನಾಲ್ಕು, ನಾಲ್ಕು, ಮೂರು. ಕೊನೆಗೆ ಒಂದು ಮಾತ್ರೆ ಎಳೆದರೆ ಒಟ್ಟು 16. ಕೆಹರವಾ ತಾಳ 8 ಮಾತ್ರೆಯದು (ಧಾ ಗೆ ನಾ ತಿ, ನಾ ಕ ಧಿ ನಾ), ಆದ್ದರಿಂದ ಸರಿಯಾಗಿ ಎರಡು ಆವರ್ತನ, ಅಂದರೆ ತಾಳದ ಎರಡು ಸುತ್ತು. ಇದೇ ಧಾಟಿಗೆ ಎರಡನೇ ಸಾಲು ‘ತೊಗರಿಯ ಹೊಲದಾಗ ನಗಿ ಬಂತಂತ’ ಎಂದು ಬರೆಯಿರಿ. ಸಿಕ್ಕಿಕೊಳ್ಳುತ್ತದೆ. ‘ಹೊಲದಾಗ’ 1+1+2+1, ಐದು ಮಾತ್ರೆ. ಒಂದು ಹೆಚ್ಚು, ಡೋಲಕ್ ಮುಂದೆ ಹೋಗಿರುತ್ತದೆ, ಹಾಡುವವರು ಹಿಂದೆ.

ಧಾಟಿ ಬೇರೆಯವರದಾಗಿದ್ದರೆ ಬರೆಯುವವರ ಕೈಯಲ್ಲಿರೋದು ಪದ ಬದಲಿಸೋದು ಅಷ್ಟೆ. ‘ಹೊಲದಲಿ’ ಎಂದರೆ ನಾಲ್ಕು ಆಗುತ್ತದೆ, ಆದರೆ ಮಾತು ಪುಸ್ತಕದ್ದಾಗಿ ಪಕ್ಕದ ‘ನಗಿ’ಗೆ ಹೊಂದೋದಿಲ್ಲ. ‘ತೊಗರಿ ಹೊ | ಲದಾಗ’ ಎಂದು ಜರುಗಿಸಬಹುದು. ಲೆಕ್ಕ ಕೂಡುತ್ತದೆ, ಕಿವಿಗೆ ‘ಲದಾಗ’ ಎಂದು ಕೇಳುತ್ತದೆ. ಮೊದಲ ಸಾಲಿನಲ್ಲಿ ‘ಬಂತಂತ’ವೂ ಒಡೆದಿದೆಯಲ್ಲ ಅಂತ ಕೇಳಬಹುದು. ಅಲ್ಲಿ ಪೆಟ್ಟು ಬೀಳೋದು ‘ತಂ’ ಅನ್ನೋ ಗುರುವಿನ ಮೇಲೆ, ತಾಳಿಕೊಳ್ಳುತ್ತದೆ. ಇಲ್ಲಿ ‘ಲ’ ಲಘು (ಒಂದೇ ಮಾತ್ರೆ), ‘ಹೊ’ ಒಂಟಿಯಾಗಿ ಹಿಂದೆ ಉಳಿಯುತ್ತದೆ. ಮೂರನೇ ದಾರಿ ನಾವು ದಿನಾ ಮಾತಾಡೋ ಹಾಗೆ ‘ಹೊಲದಾಗ್’ ಅನ್ನೋದು. ನಾಲ್ಕೇ ಮಾತ್ರೆ. ಚುರುಕು ಹಾಡಿಗೆ ಇದೇ ಚಲೋ. ವಿಲಂಬಕ್ಕೆ, ಅಂದರೆ ನಿಧಾನ ಗತಿಗೆ ಬಂದರೆ ‘ಗ್’ ಮೇಲೆ ನಿಲ್ಲಲು ಸ್ವರ ಇಲ್ಲ, ‘ದಾ’ವನ್ನೇ ಎಳೆಯಬೇಕು.

ಎರಡೂ ತನ್ನ ಕೈಯಲ್ಲೇ ಇರುವವರಿಗೆ ನಾಲ್ಕನೇ ದಾರಿಯೂ ಇದೆ: ಪದ ಬಿಟ್ಟುಕೊಡದೆ ತಾಳವನ್ನೇ ಬದಲಿಸೋದು.

ಬಿಸಿಲಿನಾ | ಊರಾಗ | ಮಳಿ ಬಂತು | ನೋಡವ್ವ
ತೊಗರಿಯಾ | ಹೊಲದಾಗ | ನಗಿ ಬಂತು | ನೋಡವ್ವ

ಐದೈದರ ನಾಲ್ಕು ಗಣ (ಮಾತ್ರೆಗಳ ಗುಂಪು), 20 ಮಾತ್ರೆ. 10 ಮಾತ್ರೆಯ ಝಪತಾಲದ ಎರಡು ಆವರ್ತನ. ಕಾಟ ಕೊಟ್ಟ ‘ಹೊಲದಾಗ’ ಈಗ ತನ್ನ ಜಾಗದಲ್ಲಿ ಆರಾಮಾಗಿ ಕೂತಿದೆ. ಇಲ್ಲಿ ‘ತೊಗರಿಯ’ದ ಕೊನೆ ದೀರ್ಘವಾಯಿತು, ಅರ್ಥ ಕೆಡಲಿಲ್ಲ. ಎಲ್ಲ ಕಡೆ ಹೀಗೆ ಎಳೆಯಲು ಬರೋದಿಲ್ಲ. ‘ಬಳೆ’ಯ ಮೊದಲಕ್ಷರ ಎಳೆದರೆ ಅದು ‘ಬಾಳೆ’. ಗಾಜಿನ ಅಂಗಡಿಯಿಂದ ಹಣ್ಣಿನ ಅಂಗಡಿಗೆ ಹೋದಿರಿ ಅಂತ ತಿಳಿಯಿರಿ. ಪದದ ಮೊದಲ ಸ್ವರ ಮುಟ್ಟಬೇಡಿ, ವಿಭಕ್ತಿಯ ಕೊನೆ ಸ್ವರ ಎಳೆಯಬಹುದು ಎಂದು ನೆನಪಿಟ್ಟರೆ ಬಹುಪಾಲು ತೊಂದರೆ ತಪ್ಪುತ್ತದೆ.

‘ಪ್ರೇಮಲೋಕ’ದ ಹಾಡುಗಳನ್ನು ಈ ಕಿವಿಯಿಂದ ಮತ್ತೆ ಕೇಳಿ. ಇಬ್ಬರು ಎದುರುಬದುರು ನಿಂತು ಆಡೋ ಮಾತು, ಸವಾಲು, ಜವಾಬು ಹಾಗೇ ಹಾಡಾಗಿವೆ. ಮಾತಿನ ಉದ್ದ ಸಾಲಿನಿಂದ ಸಾಲಿಗೆ ಬದಲಾಗುತ್ತದೆ, ಧಾಟಿ ಅದರ ಬೆನ್ನುಹತ್ತುತ್ತದೆ. ಸಿದ್ಧ ಟ್ಯೂನಿಗೆ ಪದ ತುಂಬುವ ಪದ್ಧತಿಯಲ್ಲಿ ಇದು ಸಲೀಸಲ್ಲ.

ಬಹುಮುಖತೆಗೆ ಉದಾಹರಣೆ ಕೇಳಿದರೆ ಹತ್ತು ಚಿತ್ರದ ಹೆಸರು ಪೋಣಿಸುವುದಕ್ಕಿಂತ 1995 ಒಂದೇ ವರ್ಷ ಹಿಡಿಯಿರಿ. ಭೂಗತ ಲೋಕದ ‘ಓಂ’, ಹಳ್ಳಿ ಹಿನ್ನೆಲೆಯ ‘ಪುಟ್ನಂಜ’, ಹಿಂದುಸ್ತಾನಿ ಗಾಯಕರೊಬ್ಬರ ಬದುಕಿನ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಮೂರಕ್ಕೂ ಸಂಗೀತ ಇವರದೇ. ಮೂರನೆಯದಕ್ಕೆ 43ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಶ್ರೇಷ್ಠ ಸಂಗೀತ ನಿರ್ದೇಶಕ ಗೌರವ ಬಂತು. ಅದೇ ಚಿತ್ರಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯಕ ಪ್ರಶಸ್ತಿ. ಇಲ್ಲಿ ಎರಡು ಕಡೆ ಅಂಕ ಹೋಗುತ್ತದೆ. ಒಂದು, ಪ್ರಶಸ್ತಿ 1995ರ ಸಾಲಿನ ಚಿತ್ರಗಳದು. ಪ್ರಕಟವಾದ ವರ್ಷವನ್ನು ಅದಕ್ಕೆ ಕಲಸಬಾರದು. ಎರಡು, ಪಂಚಾಕ್ಷರಿ ಗವಾಯಿಗಳು (1892–1944) ಗುರು, ಪುಟ್ಟರಾಜ ಗವಾಯಿಗಳು (1914–2010) ಶಿಷ್ಯ. ಇಬ್ಬರೂ ಗದುಗಿನ ವೀರೇಶ್ವರ ಪುಣ್ಯಾಶ್ರಮದವರಾದ್ದರಿಂದ ಹೆಸರು ಅದಲುಬದಲಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ 1993ರ ‘ಆಕಸ್ಮಿಕ’ ಬೇಕೇ ಬೇಕು. ತ.ರಾ.ಸು. ಕಾದಂಬರಿ ಆಧರಿಸಿದ, ನಾಗಾಭರಣ ನಿರ್ದೇಶನದ ಚಿತ್ರ. ಅದರಲ್ಲಿ ರಾಜ್‌ಕುಮಾರ್ ಹಾಡಿದ ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’ ಹಾಡಿನೊಳಗೆ ಡಿ.ವಿ.ಜಿ.ಯವರ ಕಗ್ಗದ ಜಟಕಾಬಂಡಿ ಬಂದು ಸೇರಿದೆ. ಕಗ್ಗದಲ್ಲಿ ಅದು ತತ್ವದ ರೂಪಕ. ಚಿತ್ರದಲ್ಲಿ ಕಣ್ಣೆದುರೇ ಕುದುರೆಗಾಡಿ ಓಡುತ್ತದೆ, ಲಯವೂ ಗೊರಸಿನದೇ. ಹಳೆಯ ರೂಪಕಕ್ಕೆ ತಾಳ ಸಿಕ್ಕ ಈ ಬಗೆಯನ್ನು ಎರಡು ವಾಕ್ಯದಲ್ಲಿ ಬಿಡಿಸಿದರೂ ಉತ್ತರಕ್ಕೆ ತೂಕ ಬರುತ್ತದೆ. ನಂತರದ ವರ್ಷಗಳಲ್ಲಿ ಕಿರುತೆರೆಯ ‘ಸರಿಗಮಪ’ದ ಮಹಾಗುರು, 2023ರಲ್ಲಿ ಮೈಸೂರು ದಸರಾ ಉದ್ಘಾಟನೆ: ಇವಕ್ಕೆ ಒಂದು ಸಾಲು ಸಾಕು.

ಅಭ್ಯಾಸಕ್ಕೆ: ‘ಭೀಮಾ ನದಿಯ ದಂಡಿ ಮ್ಯಾಲ’. ಇದನ್ನು 6 ಮಾತ್ರೆಯ ದಾದರಾ ತಾಳಕ್ಕೆ ಕೂಡಿಸಬೇಕು. ಮೂರು ಮೂರರಂತೆ ಗಣ ಒಡೆಯಿರಿ. ‘ಮ್ಯಾ’ ಇಲ್ಲಿ ಆಡುಮಾತಿನ ದೀರ್ಘ ಸ್ವರ, ಒತ್ತಕ್ಷರ ಅಂತ ಎಣಿಸಬೇಡಿ, ಹಿಂದಿನ ‘ಡಿ’ ಒಂದೇ ಮಾತ್ರೆ. ಒಟ್ಟು 13 ಬರುತ್ತದೆ, ಬೇಕಾದದ್ದು 12. ಹೆಚ್ಚಾದದ್ದು ‘ಮಾ’ದಲ್ಲಿದೆ. ಅದನ್ನು ಹ್ರಸ್ವ ಮಾಡಿ ‘ಭೀಮ’ ಎಂದರೆ ಲೆಕ್ಕ ಕೂಡೀತು, ದಂಡಿ ಮೇಲೆ ಪಾಂಡವರವ ಬಂದು ನಿಂತಾನು. ‘ಭೀಮೆ’ ಎಂದು ಹಾಡಿ ನೋಡಿ.