ಓಕೆ ಒತ್ತುವ ಮುಂಚೆ ಒಂದ್ಸಲ ಓದಿ

"ಸಾರ್, ಸಾಫ್ಟ್‌ವೇರ್ ಓಪನ್ ಆಗ್ತಿಲ್ಲ." ಹೀಗೆ ಫೋನ್ ಮಾಡಿದವರನ್ನು ನಾನು ಮೊದಲು ಕೇಳುವುದು, ಪರದೆ ಮೇಲೆ ಏನು ಬಂತು ಅಂತ. "ಏನೋ ಇಂಗ್ಲಿಷ್‌ನಲ್ಲಿ ಬಂತು, ಓಕೆ ಒತ್ತಿಬಿಟ್ಟೆ" ಅನ್ನುವುದು ಮಾಮೂಲಿ ಉತ್ತರ. ಅಷ್ಟರಲ್ಲಿ ಆ ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿರುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಲು ಹೊರಟಿರುತ್ತಾರೆ. ಹೆಚ್ಚಿನ ಸಲ ಎರಡೂ ಬೇಕಿರುವುದಿಲ್ಲ. ಮುಚ್ಚಿಬಿಟ್ಟ ಆ ಡಬ್ಬಿಯಲ್ಲೇ ಅರ್ಧ ಉತ್ತರ ಇರುತ್ತದೆ. ಅದು ವಿಂಡೋಸ್‌ನ ಸಾದಾ ಮೆಸೇಜ್ ಬಾಕ್ಸ್ ಆಗಿದ್ದರೆ ಕಂಟ್ರೋಲ್ ಮತ್ತು ಸಿ ಒತ್ತಿ ಸಾಕು, ಒಳಗಿನ ಬರಹ ಪೂರ್ತಿ ಕಾಪಿ ಆಗುತ್ತದೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಅತಿ ಹೆಚ್ಚು ಕಾಣುವ ದೂರು 'ವಿಸಿರನ್‌ಟೈಮ್140 ಡಿಎಲ್‌ಎಲ್ ಸಿಗಲಿಲ್ಲ' ಅನ್ನುವುದು. ಹಾಕಿದ ಸಾಫ್ಟ್‌ವೇರ್ ಕೆಟ್ಟಿದೆ ಅಂತ ಇದರ ಅರ್ಥ ಅಲ್ಲ. ಡಿಎಲ್‌ಎಲ್ ಅಂದರೆ ಬೇರೆ ಬೇರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲು. ಅಡುಗೆಗೆ ಬಂದವರು ಒಲೆ, ಪಾತ್ರೆ ಮನೆಯಲ್ಲೇ ಇರುತ್ತದೆ ಅಂದುಕೊಂಡು ಬರುತ್ತಾರಲ್ಲ, ಹಾಗೆ ಎಷ್ಟೋ ಸಾಫ್ಟ್‌ವೇರ್‌ಗಳು ಮೈಕ್ರೋಸಾಫ್ಟ್‌ನ ಕೆಲವು ಫೈಲುಗಳು ಮೊದಲೇ ಇರುತ್ತವೆ ಅಂದುಕೊಂಡು ಬಂದಿರುತ್ತವೆ. ಆ ಫೈಲುಗಳ ಕಟ್ಟಿಗೆ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಎಂದು ಹೆಸರು. ಹೆಸರಿನ ಕೊನೆಯಲ್ಲಿ 140 ಇದ್ದರೆ 2015ರಿಂದ ಈಚಿನ ಕಟ್ಟು ಬೇಕು. 120 ಇದ್ದರೆ 2013ರದ್ದು, 100 ಇದ್ದರೆ 2010ರದ್ದು. ಹೊಸದು ಹಾಕಿದರೆ ಹಳೆಯದರ ಕೆಲಸವೂ ಆಗುತ್ತದೆ ಅನ್ನುವ ಹಾಗಿಲ್ಲ. ಮೈಕ್ರೋಸಾಫ್ಟ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. 64 ಬಿಟ್ ಕಂಪ್ಯೂಟರ್ ಆದರೂ 32 ಮತ್ತು 64, ಎರಡೂ ಬಗೆಯದನ್ನು ಹಾಕಿ. ಓಡುವುದು ನಿಮ್ಮ ಸಾಫ್ಟ್‌ವೇರ್, ಅದು 32 ಬಿಟ್‌ನದಾಗಿದ್ದರೆ ಅದಕ್ಕೆ 32ರದೇ ಬೇಕು.

ಜನ ಎಡವುವುದು ಇಲ್ಲೇ. ಫೈಲಿನ ಹೆಸರನ್ನು ಗೂಗಲ್‌ಗೆ ಹಾಕಿ, ಯಾವುದೋ ತಾಣದಿಂದ ಆ ಒಂದೇ ಒಂದು ಡಿಎಲ್‌ಎಲ್ ಇಳಿಸಿ, ಸಿಸ್ಟಂ32 ಫೋಲ್ಡರ್‌ಗೆ ತುರುಕುತ್ತಾರೆ. ಆಗ ದೋಷದ ವೇಷ ಬದಲಾಗುತ್ತದೆ. ಸೊನ್ನೆ ಎಕ್ಸ್ ಸಿ ಎಂದು ಶುರುವಾಗಿ 7ಬಿ ಎಂದು ಮುಗಿಯುವ ಒಂದು ಸಂಖ್ಯೆ ಬರುತ್ತದೆ. 32 ಬಿಟ್ ಮತ್ತು 64 ಬಿಟ್ ಫೈಲುಗಳು ಕಲಸುಮೇಲೋಗರ ಆಗಿವೆ ಅನ್ನುವುದರ ಸುಳಿವು ಅದು. ಗೊಂದಲಕ್ಕೆ ಕಾರಣವೂ ಇದೆ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಂ32 ಎಂಬ ಫೋಲ್ಡರ್‌ನಲ್ಲಿ ಇರುವುದು 64 ಬಿಟ್ ಫೈಲುಗಳು, ಸಿಸ್‌ವಾವ್64 ಎಂಬುದರಲ್ಲಿ ಇರುವುದು 32 ಬಿಟ್‌ನವು! ಹಳೆಯ ಪ್ರೋಗ್ರಾಂಗಳು ಮುರಿಯಬಾರದು ಅಂತ ಹಾಗೆ ಬಿಟ್ಟಿದ್ದಾರೆ. ಅದಕ್ಕೇ ಹೇಳುವುದು, ಆ ಎರಡು ಫೋಲ್ಡರ್‌ಗಳಿಗೆ ಕೈ ಹಾಕಬೇಡಿ. ಬಿಡಿ ಡಿಎಲ್‌ಎಲ್ ಜೊತೆ ವೈರಸ್ ಬಂದರೆ ಅದು ಬೇರೆ ಕಥೆ.

ಡಾಟ್‌ನೆಟ್ ಅನ್ನುವುದು ಮೈಕ್ರೋಸಾಫ್ಟ್‌ನ ಇಂಥದೇ ಇನ್ನೊಂದು ಕಟ್ಟು, ಅದರ ಕಥೆಯೂ ಹೀಗೇ. ಕಂಪ್ಯೂಟರ್‌ನಲ್ಲಿ 4.8 ಇದ್ದರೂ 3.5 ಕೇಳುವ ಹಳೆಯ ಸಾಫ್ಟ್‌ವೇರ್ ಓಡುವುದಿಲ್ಲ. ವಿಂಡೋಸ್ 10ರಲ್ಲೂ 11ರಲ್ಲೂ 3.5 ಮೊದಲಿಗೆ ಆನ್ ಆಗಿರುವುದಿಲ್ಲ. ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್ ಎಂದು ಹುಡುಕಿ, ಟಿಕ್ ಹಾಕಿ. ಇಂಟರ್ನೆಟ್ ಬೇಕಾಗುತ್ತದೆ.

ಇನ್‌ಸ್ಟಾಲ್ ಆಗುವುದೇ ಇಲ್ಲ ಅನ್ನುವವರಿಗೆ ಮೊದಲ ಪ್ರಶ್ನೆ: ಜಿಪ್ ಫೈಲ್ ಬಿಚ್ಚಿದ್ದೀರಾ? ಜಿಪ್‌ನೊಳಗೇ ಸೆಟಪ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದಕ್ಕೆ ಅಕ್ಕಪಕ್ಕದ ಫೈಲುಗಳು ಸಿಗುವುದಿಲ್ಲ. 1618 ಎಂಬ ದೋಷ ಸಂಖ್ಯೆ ಬಂದರೆ ಬೇರೆ ಯಾವುದೋ ಇನ್‌ಸ್ಟಾಲ್ ನಡೆಯುತ್ತಿದೆ, ಸುಮ್ನೆ ಕಾಯಿರಿ ಇಲ್ಲವೇ ರೀಸ್ಟಾರ್ಟ್ ಮಾಡಿ. 1603 ಬಂದರೆ ಮಾತ್ರ ಕಷ್ಟ, ಆ ಸಂಖ್ಯೆ 'ಏನೋ ಆಗಲಿಲ್ಲ' ಎಂಬುದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಹೊಸ ಲ್ಯಾಪ್‌ಟಾಪ್‌ನಲ್ಲಿ ಸ್ಟೋರ್‌ನ ಆ್ಯಪ್ ಬಿಟ್ಟು ಏನೂ ಹಾಕಲು ಬಿಡದಿದ್ದರೆ ಅದು ಎಸ್ ಮೋಡ್‌ನಲ್ಲಿದೆಯಾ ನೋಡಿ. ಹೊರಬರಲು ದುಡ್ಡು ಕೊಡಬೇಕಿಲ್ಲ, ಆದರೆ ವಾಪಸ್ ಹೋಗಲಾಗದು.

ನಮ್ಮವರಿಗೇ ಆಗುವ ಒಂದು ತೊಂದರೆ ಇದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಅಭಿಮಾನದಿಂದ ಕನ್ನಡದಲ್ಲೇ ಯೂಸರ್ ಹೆಸರು ಕೊಟ್ಟಿರುತ್ತೀರಿ. ಸಿ ಡ್ರೈವ್‌ನ ಯೂಸರ್ಸ್ ಒಳಗಿನ ಫೋಲ್ಡರ್‌ಗೂ ಕನ್ನಡ ಹೆಸರು ಬಿದ್ದಿರಬಹುದು. ಸೆಟಪ್‌ಗಳು ತಾತ್ಕಾಲಿಕ ಫೈಲುಗಳನ್ನು ಇಟ್ಟುಕೊಳ್ಳುವ ಟೆಂಪ್ ಫೋಲ್ಡರ್ ಇರುವುದು ಅದರೊಳಗೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಜಾಗ ಇರುವ ಯೂನಿಕೋಡ್ ಅರಿಯದ ಹಳೆಯ ಸೆಟಪ್‌ಗಳಿಗೆ ಆ ದಾರಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತದೆ, ಅಲ್ಲೇ ನಿಲ್ಲುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಹೆಸರು ಬದಲಿಸಿದರೆ ಫೋಲ್ಡರ್ ಹೆಸರು ಬದಲಾಗುವುದಿಲ್ಲ. ಇಂಗ್ಲಿಷ್ ಹೆಸರಿನ ಇನ್ನೊಂದು ಅಕೌಂಟ್ ಮಾಡಿ ಅಲ್ಲಿ ಹಾಕಿ ನೋಡಿ. ಕನ್ನಡದ ಮೇಲೆ ಸಿಟ್ಟಲ್ಲ ಸ್ವಾಮಿ, ಹಳೆಯ ಪ್ರೋಗ್ರಾಂಗಳ ಮಿತಿ.

ಡಿಟಿಪಿ ಅಂಗಡಿಗಳ ಸಮಸ್ಯೆ ಇದಕ್ಕಿಂತ ಸ್ವಾರಸ್ಯದ್ದು. ಪುಟ ವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ. ಲಗ್ನಪತ್ರಿಕೆ, ಕರಪತ್ರ ಅಂದರೆ ಇವತ್ತೂ ಅದೇ ಬೇಕು ಅನ್ನುವ ಆಪರೇಟರ್‌ಗಳಿದ್ದಾರೆ. ಆ ಕಾಲದ ಸಾಫ್ಟ್‌ವೇರ್‌ಗಳು ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ತಮ್ಮ ಫೋಲ್ಡರ್‌ನಲ್ಲೇ ಬೇಕಾದ್ದು ಬರೆದುಕೊಳ್ಳುತ್ತಿದ್ದವು. 2007ರ ವಿಸ್ಟಾದಿಂದೀಚೆಗೆ ವಿಂಡೋಸ್ ಅದಕ್ಕೆ ಬಿಡುವುದಿಲ್ಲ. ಹಾಗಾಗಿ ಯಾರೋ ಒಬ್ಬರು ಪ್ರಾಪರ್ಟೀಸ್‌ಗೆ ಹೋಗಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂದು ಟಿಕ್ ಹಾಕಿರುತ್ತಾರೆ. ಪೇಜ್‌ಮೇಕರ್ ಓಡುತ್ತದೆ, ಕನ್ನಡ ನಿಲ್ಲುತ್ತದೆ. ನೋಟ್‌ಪ್ಯಾಡ್‌ನಲ್ಲಿ ಕನ್ನಡ ಸರಾಗ, ಪೇಜ್‌ಮೇಕರ್‌ನಲ್ಲಿ ಮಾತ್ರ ಒತ್ತಿದ ಕೀಗೂ ಬಂದ ಅಕ್ಷರಕ್ಕೂ ಸಂಬಂಧ ಇಲ್ಲ. ಫಾಂಟ್ ಕೆಟ್ಟಿದೆ ಅಂತ ಎಲ್ಲರೂ ಫಾಂಟ್ ಹಾಕುತ್ತಾ ಕೂರುತ್ತಾರೆ.

ಫಾಂಟ್‌ನದು ಏನೂ ತಪ್ಪಿಲ್ಲ. ನುಡಿ, ಬರಹದಂತಹ ಸಾಫ್ಟ್‌ವೇರ್‌ಗಳು ಕೀಲಿಮಣೆಯ ಮೇಲೆ ಕಣ್ಣಿಟ್ಟು, ನೀವು ಒತ್ತಿದ್ದನ್ನು ಕನ್ನಡಕ್ಕೆ ಬದಲಿಸಿ ಮುಂದೆ ಕಳಿಸುತ್ತವೆ. ಆದರೆ ಕೆಳಗಿನ ಅಧಿಕಾರದಲ್ಲಿ ಓಡುವ ಪ್ರೋಗ್ರಾಂ ಅಡ್ಮಿನ್ ಅಧಿಕಾರದ ಪ್ರೋಗ್ರಾಂಗೆ ಕೀ ಕಳಿಸುವಂತಿಲ್ಲ. ಅದು ವಿಂಡೋಸ್‌ನ ಭದ್ರತೆಯ ನಿಯಮ. ಇಂಗ್ಲಿಷ್ ಅಕ್ಷರ ಹಾಗೇ ಒಳಗೆ ಹೋಗುತ್ತದೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿರುವ ಆಸ್ಕಿ ಫಾಂಟ್ ಅದನ್ನು ಯಾವುದೋ ಕನ್ನಡ ತುಂಡಾಗಿ ತೋರಿಸುತ್ತದೆ. ಟೈಪಿಂಗ್ ಸಾಫ್ಟ್‌ವೇರನ್ನೂ ಅಡ್ಮಿನ್ ಆಗಿ ಓಡಿಸಿದರೆ ಸರಿಹೋಗುತ್ತದೆ. ನನಗೆ ಇದಕ್ಕಿಂತ ಇಷ್ಟವಾದ ದಾರಿ ಬೇರೆ: ಪೇಜ್‌ಮೇಕರ್ ಫೋಲ್ಡರ್‌ನ ಪ್ರಾಪರ್ಟೀಸ್, ಸೆಕ್ಯುರಿಟಿಗೆ ಹೋಗಿ ಯೂಸರ್ಸ್‌ಗೆ ಮಾಡಿಫೈ ಅನುಮತಿ ಕೊಡಿ, ಅಡ್ಮಿನ್ ಟಿಕ್ ತೆಗೆದುಬಿಡಿ. ಕೀಗಳ ಮೇಲೆ ಕಣ್ಣಿಡುವ ಕಾರಣಕ್ಕೇ ಆ್ಯಂಟಿವೈರಸ್‌ಗಳು ಇಂಥ ಸಾಫ್ಟ್‌ವೇರ್‌ಗಳನ್ನು ಕೆಲವೊಮ್ಮೆ ಅನುಮಾನಿಸುತ್ತವೆ. ನಿನ್ನೆ ಇದ್ದ ಪ್ರೋಗ್ರಾಂ ಇವತ್ತು ಮಾಯವಾಗಿದ್ದರೆ ಆ್ಯಂಟಿವೈರಸ್ ಅನುಮಾನಿಸಿ ತೆಗೆದಿಟ್ಟ ಫೈಲುಗಳ ಕ್ವಾರಂಟೈನ್ ಪಟ್ಟಿ ನೋಡಿ.

ಯಾವ ಮೆಸೇಜೂ ಇಲ್ಲದೆ ತೆರೆದು ಹಾಗೇ ಮುಚ್ಚಿಕೊಳ್ಳುವ ಸಾಫ್ಟ್‌ವೇರ್‌ಗೆ ವಿಂಡೋಸ್‌ನಲ್ಲೇ ದೋಷಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ಇದೆ. ವಿಂಡೋಸ್ ಲಾಗ್ಸ್‌ನ ಅಪ್ಲಿಕೇಶನ್ ಭಾಗದಲ್ಲಿ ಅದೇ ನಿಮಿಷದ ಕೆಂಪು ಸಾಲು ಹುಡುಕಿ. ಫಾಲ್ಟಿಂಗ್ ಮಾಡ್ಯೂಲ್ ಎಂಬ ಕಡೆ ಒಂದು ಫೈಲಿನ ಹೆಸರಿರುತ್ತದೆ. ಅದು ಗ್ರಾಫಿಕ್ಸ್ ಡ್ರೈವರ್‌ನ ಫೈಲ್ ಆಗಿದ್ದರೆ ಮೊದಲು ಡ್ರೈವರ್ ಬದಲಿಸಿ ನೋಡಿ, ಸಾಫ್ಟ್‌ವೇರ್ ತಂಟೆಗೆ ಹೋಗಬೇಡಿ.

ಕೆಲವಕ್ಕೆ ಮದ್ದಿಲ್ಲ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ, 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದೇ ಇಲ್ಲ. ಡಾಸ್ ಕಾಲದ ಬಿಲ್ಲಿಂಗ್ ಇಟ್ಟುಕೊಂಡ ಅಂಗಡಿಯವರು ಎಷ್ಟು ಸಲ ಸೆಟಪ್ ಒತ್ತಿದರೂ ಅಷ್ಟೇ. ಹಳೆಯ ಡಾಸ್ ಕಂಪ್ಯೂಟರಿನಂತೆ ನಟಿಸುವ ಡಾಸ್‌ಬಾಕ್ಸ್‌ನಂತಹ ಎಮ್ಯುಲೇಟರ್ ಒಳಗೆ ಹಾಕಿ ನೋಡಬಹುದು, ಪ್ರಿಂಟರ್ ಮಾತ್ರ ಸತಾಯಿಸುತ್ತದೆ. ಹಳೆಯ ಕಂಪ್ಯೂಟರನ್ನೇ ಇಟ್ಟುಕೊಳ್ಳುತ್ತೇವೆ ಅನ್ನುವುದಾದರೆ ಅದರ ಇಂಟರ್ನೆಟ್ ಕೇಬಲ್ ಕಿತ್ತಿಡಿ, ಡೇಟಾ ಫೋಲ್ಡರನ್ನು ವಾರಕ್ಕೊಮ್ಮೆಯಾದರೂ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಅದರ ಹಾರ್ಡ್‌ಡಿಸ್ಕಿಗೂ ವಯಸ್ಸಾಗಿದೆ, ಅಲ್ವಾ?