ಸೋಯಾಬೀನ್ ಬೀಜ ಗಿಡದಲ್ಲಿದ್ದಾಗಲೇ ಯಾಕೆ ಕೆಡುತ್ತದೆ?

ಬೀಜ ವಿಜ್ಞಾನದ ಪರೀಕ್ಷೆಗೆ ಓದುವಾಗ ಈ ಒಂದು ವಿಷಯಕ್ಕೇ ನನಗೆ ಎರಡು ದಿನ ಹಿಡಿಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಇಲ್ಲಿ ಗುಣಮಟ್ಟ ಅಂದರೆ ಮೊಳಕೆ ಮತ್ತು ಸಸಿಯ ಕಸುವು, ಎಣ್ಣೆ-ಪ್ರೋಟೀನ್ ಲೆಕ್ಕ ಬೇರೆ.

ಬೀದರ್, ಬೆಳಗಾವಿ, ಧಾರವಾಡದ ಕಡೆ ಸೋಯಾಬೀನ್ ಮುಂಗಾರಿನ ಬೆಳೆ. ಜೂನ್‌ನಲ್ಲಿ ಬಿತ್ತಿದ ಜೆಎಸ್ 335 ತಳಿ ಸುಮಾರು 95-100 ದಿನಕ್ಕೆ, ಅಂದರೆ ಸೆಪ್ಟೆಂಬರ್ ಕೊನೆಗೆ ಕೊಯ್ಲಿಗೆ ಬರುತ್ತದೆ. ಸರಿಯಾಗಿ ಆಗಲೇ ಉತ್ತರೆ, ಹಸ್ತ ಮಳೆ.

ನಾನು ಎಡವಿದ್ದು ಇಲ್ಲಿ. ಬೀಜದ ಗುಣಮಟ್ಟ ಅತಿ ಹೆಚ್ಚು ಇರುವುದು ಶಾರೀರಿಕ ಪಕ್ವತೆಯ ಹಂತದಲ್ಲಿ, ಆಗ ತೇವಾಂಶ 50%ರ ಆಸುಪಾಸು ಇರುತ್ತದೆ ಅಂತ ಓದಿದೆ. ಅಷ್ಟು ಹಸಿ ಬೀಜ ಹೇಗೆ ಅತ್ಯುತ್ತಮ ಆಗುತ್ತದೆ? ಒಣಗಿದ ಮೇಲೆ ತಾನೇ ಬೀಜ ಬಲಿಯುವುದು ಅಂತ ನನ್ನ ನಂಬಿಕೆ. ಅದು ತಪ್ಪು. ಬಲಿಯುವುದು ಬೇರೆ, ಒಣಗುವುದು ಬೇರೆ. ಶಾರೀರಿಕ ಪಕ್ವತೆವರೆಗೆ ತಾಯಿ ಗಿಡ ಬೀಜಕ್ಕೆ ಆಹಾರ ಕಳಿಸುತ್ತಿರುತ್ತದೆ. ಆ ದಿನ ಅದು ನಿಲ್ಲುತ್ತದೆ, ಒಣ ತೂಕ ಮತ್ತೆ ಏರುವುದಿಲ್ಲ. ಅಲ್ಲಿಂದ ಮುಂದೆ ಬೀಜ ಗಿಡದಲ್ಲಿ ತೂಗಾಡುತ್ತಿದ್ದರೂ ಗಿಡದಿಂದ ಅದಕ್ಕೆ ಏನೂ ಸಿಗುವುದಿಲ್ಲ, ಸುಮ್ನೆ ನೀರು ಕಳೆದುಕೊಳ್ಳುತ್ತಿರುತ್ತದೆ. ಆದರೆ ಅಷ್ಟು ಹಸಿ ಇದ್ದಾಗ ಬಡಿದು ರಾಶಿ ಮಾಡಿದರೆ ಬೀಜ ಜಜ್ಜಿಹೋಗುತ್ತದೆ, ಹಾಗಾಗಿ ತೇವಾಂಶ 15%ರ ಸುತ್ತ ಇಳಿಯುವವರೆಗೆ ಕಾಯಲೇಬೇಕು. ಈ ಕಾಯುವ ದಿನಗಳೇ ಬೀಜದ ಮೊದಲ ದಾಸ್ತಾನು. ಕಾಯಿಯೇ ಗೋದಾಮು, ಮಳೆ ಬಂದರೆ ನೆನೆಯುವ ಗೋದಾಮು. ಇದು ಹೊಳೆದ ಮೇಲೆ ಉಳಿದದ್ದೆಲ್ಲ ತಾನಾಗಿ ಕೂತಿತು.

ನೆನಪಿಡಲು ನನ್ನ ಸೂತ್ರ: ಒಂದು ಕಾಯಿ, 95 ಕಾಯಿ. ಮುಖ್ಯ ಕಾಂಡದಲ್ಲಿ ಒಂದೇ ಒಂದು ಕಾಯಿ ಮಾಗಿದ ಬಣ್ಣಕ್ಕೆ ತಿರುಗಿದರೆ ಅದು ಆರ್ 7 (ಬೆಳೆಯ ಹಂತಗಳಿಗೆ ಕೊಟ್ಟ ಹೆಸರು), ಶಾರೀರಿಕ ಪಕ್ವತೆ ಶುರು. 100ರಲ್ಲಿ 95 ಕಾಯಿ ತಿರುಗಿದರೆ ಆರ್ 8, ಪೂರ್ತಿ ಮಾಗಿದ ಹಂತ. ಆರ್ 7ರಿಂದ ಕೊಯ್ಲಿನವರೆಗೆ ಆಕಾಶ ಹೇಗಿತ್ತು ಅನ್ನುವುದೇ ಮುಂದಿನ ವರ್ಷದ ಮೊಳಕೆಯನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಮಳೆ ಬಿದ್ದಾಗ ಬೀಜ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಎರಡು ಮೂರು ಸಲ ಹೀಗಾದರೆ ಸಿಪ್ಪೆ ಸುಕ್ಕಾಗಿ ಬಿರುಕು ಬಿಡುತ್ತದೆ. ಸೋಯಾದ ಸಿಪ್ಪೆ ತೆಳು, ಬೇರಿನ ತುದಿ ಸಿಪ್ಪೆಯ ಕೆಳಗೇ ಇರುತ್ತದೆ, ಅದಕ್ಕೆ ರಕ್ಷಣೆ ಕಡಿಮೆ. ಅದೇ ತೇವದಲ್ಲಿ ಫೋಮಾಪ್ಸಿಸ್ ಶಿಲೀಂಧ್ರ ಒಳಗೆ ಸೇರಿ ಮೊಳಕೆ ಕೊಲ್ಲುತ್ತದೆ. ನೇರಳೆ ಕಲೆ (ಸಿಪ್ಪೆಗೆ ನೇರಳೆ ಬಣ್ಣ ತರುವ ಇನ್ನೊಂದು ಶಿಲೀಂಧ್ರ ರೋಗ) ಕಣ್ಣಿಗೆ ಜಾಸ್ತಿ ಬೀಳುತ್ತದೆ, ಆದರೆ ಮೊಳಕೆಗೆ ಫೋಮಾಪ್ಸಿಸ್‌ನಷ್ಟು ಕೆಟ್ಟದ್ದಲ್ಲ. ನಮ್ಮ ಬೀಜ ಪ್ರಮಾಣೀಕರಣದ ಅಂಕಿ ನೋಡಿ: ಕಡಲೆಗೆ ಕನಿಷ್ಠ 85% ಮೊಳಕೆ ಬೇಕು, ಸೋಯಾಬೀನ್‌ಗೆ 70% ಸಾಕು. ಈ ಬೀಜ ಎಷ್ಟು ನಾಜೂಕು ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ?

ಬರ ಮತ್ತು ಸೆಕೆ: ಕಾಳು ತುಂಬುವಾಗ ನೀರು ಸಾಲದಿದ್ದರೆ ಕಾಳು ಸಣ್ಣದಾಗುತ್ತದೆ. ಅದರ ಜೊತೆ 35 ಡಿಗ್ರಿ ದಾಟಿದ ಬಿಸಿಲೂ ಸೇರಿದರೆ ಕಾಳು ಮುರುಟುತ್ತದೆ, ಕೆಲವು ಹಸಿರಾಗಿಯೇ ಉಳಿಯುತ್ತವೆ. ಕಸುವೂ ಇಳಿಯುತ್ತದೆ.

ಮಾಗುವಾಗಿನ ಮಳೆ ತಪ್ಪಿಸಲೆಂದೇ ಬೀಜಕ್ಕಾಗಿ ಬೇಸಿಗೆ ಬೆಳೆ ಹಾಕುವುದು. ಡಿಸೆಂಬರ್ ಕೊನೆ, ಜನವರಿ ಮೊದಲಿಗೆ ನೀರಾವರಿಯಲ್ಲಿ ಬಿತ್ತುತ್ತಾರೆ. ಇಳುವರಿ ಕಡಿಮೆ, ಕಾಳೂ ಸಣ್ಣದು. ಆದರೆ ಒಣ ಹವೆಯಲ್ಲಿ ಮಾಗುತ್ತದೆ, ಮುಂಗಾರು ಬಿತ್ತನೆಗೆ ಕೆಲವೇ ವಾರ ಇಟ್ಟರೆ ಸಾಕು. ಮುಂಗಾರಿನ ಬೀಜವನ್ನು ಎಂಟು ತಿಂಗಳು ಕಾಪಾಡಬೇಕು, ಅದೂ ಏಪ್ರಿಲ್-ಮೇ ಸೆಕೆ ದಾಟಿಸಿ. ತಡ ಮಾಡಿ ಬಿತ್ತಿದರೆ ಮಾತ್ರ ಕಾಳು ತುಂಬುವ ಹೊತ್ತಿಗೆ ಬಿಸಿಲು ಏರಿ ಲಾಭವೆಲ್ಲ ಹೋಗುತ್ತದೆ.

ಮನೆಯ ಬೀಜ ಇದ್ದರೆ 100 ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸಾಲಾಗಿ ಇಟ್ಟು ಸುತ್ತಿ, ಎಂಟನೇ ದಿನ ಬಿಚ್ಚಿ ನೋಡಿ. ಸೀಳಿದ, ಬೇರಿಲ್ಲದ ಮೊಳಕೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.